ಕೂಲ್ಟಾ ಜಂಕ್ಷನ್ನಿನ ಹಳದಿ ಗೆರೆ

ಬೆಳಗಿನ ಐದೂವರೆ. ದಕ್ಷಿಣ ಗೋಳಾರ್ಧದ ಮೇ ತಿಂಗಳ ಚಳಿಗೆ ಕೂಲ್ಟಾ ಜಂಕ್ಷನ್ನಿನ ತಗಡಿನ ಸೂರುಗಳ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿದೆ. ಎಂಜಿನ್ ಶೆಡ್ಡಿನ ಮೂಲೆಯಲ್ಲಿ ಒಂದೇ ಒಂದು ದೀಪ. ಅದರ ಕೆಳಗೆ ನೋಲೀನ್ ಪೆಂಗೆಲ್ಲಿ ಗೋಡೆಯ ಗೂಟಗಳಿಗೆ ನೀಲಿ ಓವರಾಲ್‌ಗಳನ್ನು ಒಂದೊಂದಾಗಿ ತಗುಲಿಹಾಕುತ್ತಿದ್ದಾರೆ. ಕತ್ತಿನಿಂದ ಕಣಕಾಲಿನವರೆಗೆ ಮೈ ಮುಚ್ಚುವ ದಪ್ಪ ಬಟ್ಟೆ. ಶೆಡ್ಡಿನಲ್ಲಿ ದುಡಿಯುವವರೆಲ್ಲ ಹಾಕಿಕೊಳ್ಳುವಂಥದ್ದು. ಒಟ್ಟು ಹದಿನಾಲ್ಕು. ಪ್ರತಿಯೊಂದರ ಕೊರಳಪಟ್ಟಿಯ ಒಳಗೂ ಕೆಂಪು ದಾರದಲ್ಲಿ ಹೆಸರು ಹೊಲಿದಿದೆ. ಆ ಹೊಲಿಗೆಯೂ ನೋಲೀನ್ ಅವರದೇ.

ಗೂಟಗಳ ಮುಂದೆ ಸಿಮೆಂಟು ನೆಲದ ಮೇಲೆ ಗೇಣಗಲದ ಹಳದಿ ಗೆರೆ ಬಳಿದಿದೆ. ಗೆರೆಯ ಈಚೆ ಮನೆಯ ಬಟ್ಟೆ, ಆಚೆ ಕೆಲಸದ ಬಟ್ಟೆ. ಸಂಜೆ ಕೆಲಸ ಮುಗಿದ ಮೇಲೆ ಓವರಾಲ್ ಕಳಚಿ ಅಲ್ಲಿರುವ ಡ್ರಮ್ಮಿಗೆ ಹಾಕಬೇಕು, ಬೂಟು ಅಲ್ಲೇ ಬಿಡಬೇಕು, ತಲೆ, ಮುಖ, ಕೈ ತೊಳೆಯಬೇಕು, ಆಮೇಲೆ ಗೆರೆ ದಾಟಬೇಕು. ಕೆಲಸದ ಬಟ್ಟೆ ಯಾರ ಮನೆಗೂ ಹೋಗುವ ಹಾಗಿಲ್ಲ. ಈ ಕಾನೂನನ್ನು ಯಾವ ಸಮಿತಿಯೂ ಮಾಡಿದ್ದಲ್ಲ. ಒಂದು ಭಾನುವಾರ ನೋಲೀನ್ ಬಣ್ಣದ ಡಬ್ಬಿ, ಬ್ರಷ್ ಹಿಡಿದುಕೊಂಡು ಬಂದರು, ಮಂಡಿಯೂರಿ ಗೆರೆ ಎಳೆದರು, ಹೋದರು. ಅಂದಿನಿಂದ ಅದು ಇದೆ.

ಆರಕ್ಕೆ ಶಾರ್ಟಿ ಬರುತ್ತಾನೆ. ಆರಡಿ ಮೂರಂಗುಲದ ಈ ಮನುಷ್ಯನಿಗೆ ಇಲ್ಲಿಯವರು ಇಟ್ಟ ಹೆಸರು ಅದು. ಬೆಂಕಿಗೆ ಕಲ್ಲಿದ್ದಲು ಎತ್ತಿ ಹಾಕುವುದು ಅವನ ಪಾಲಿನ ಕೆಲಸ. ವಾರವಿಡೀ ಲಾರಿ ಓಡಿಸಿ ಶನಿವಾರ ಇಲ್ಲಿಗೆ ಬಂದು ಪುಕ್ಕಟೆ ಬೆವರು ಸುರಿಸುತ್ತಾನೆ.

"ಪಾಸ್‌ಪೋರ್ಟ್ ತೋರಿಸ್ಲಾ ಆಫೀಸರ್?" ಎಂದು ಗೆರೆಯ ಹತ್ತಿರ ನಿಂತು ಕೇಳುತ್ತಾನೆ.

"ಬೂಟು ತೋರ್ಸು ಮೊದ್ಲು. ಮುಖ ನೋಡ್ಕೊಂಡು ಬಿಡೋ ಹಾಗಿದ್ರೆ ನಿನ್ನ ಎಂದೋ ವಾಪಸ್ ಕಳಿಸ್ತಿದ್ದೆ."

"ನೋಲ್, ನನ್ನ ಹೆಂಡ್ತಿನೂ ಇಷ್ಟು ಬಯ್ಯಲ್ಲ ಕಣೆ."

"ಪಾಪ, ಅವಳಿಗೆ ಬಿಡುವೆಲ್ಲಿದೆ? ಹಾಕ್ಕೋ, ಬೆಚ್ಚಗಿದೆ ಈಗ."

ಬಟ್ಟೆ ನಿಜವಾಗಿಯೂ ಬೆಚ್ಚಗಿರುತ್ತದೆ. ನಸುಕಿಗೇ ಹೊತ್ತಿಸಿದ ಎಂಜಿನ್ನಿನ ಮಗ್ಗುಲಲ್ಲಿ ಅರ್ಧ ಗಂಟೆ ನೇತುಹಾಕಿ ಆಮೇಲೆ ಗೂಟಕ್ಕೆ ತರುತ್ತಾರೆ. ಎಪ್ಪತ್ತನಾಲ್ಕರ ಹೆಂಗಸು, ಹದಿನಾಲ್ಕು ಓವರಾಲ್, ಎರಡೆರಡು ಸಲ ಓಡಾಟ. ಯಾರೂ ಕೇಳಿದ್ದಲ್ಲ, ಯಾರೂ ಬೇಡ ಅಂದದ್ದೂ ಇಲ್ಲ.

ನಾನು ಈ ಊರಿನ ಔಷಧಿ ಅಂಗಡಿಯವಳು. ಹತ್ತೊಂಬತ್ತು ವರ್ಷವಾಯಿತು. ವಸುಂಧರಾ ಎಂಬ ಹೆಸರನ್ನು ಬಂದ ಮೊದಲ ವಾರವೇ ಕತ್ತರಿಸಿ ವಾಝಾ ಮಾಡಿಟ್ಟರು, ನಾನೂ ಸುಮ್ಮನಾದೆ. ಕನ್ನಡ ಪತ್ರಿಕೆಯೊಂದರ ಪುರವಣಿಯವರು ನನ್ನಿಂದ ಬರಹ ಕೇಳಿದ್ದು ಇಲ್ಲಿನ ಹಬೆ ರೈಲಿನ ಬಗ್ಗೆ. ಉಗಿ, ಸೀಟಿ, ಮರದ ಬೋಗಿ, ಕಿಟಕಿಯಲ್ಲಿ ಕೈಬೀಸುವ ಮಕ್ಕಳು. ಅವೆಲ್ಲ ಇಲ್ಲಿವೆ, ಚೆನ್ನಾಗಿಯೇ ಇವೆ. ಫೋಟೋ ತೆಗೆಯಲು ದೂರದೂರಿಂದ ಜನ ಬರುತ್ತಾರೆ. ಆ ಸಾವಿರಾರು ಫೋಟೋಗಳಲ್ಲಿ ಒಂದರಲ್ಲೂ ನೋಲೀನ್ ಇಲ್ಲ. ಹಾಗಾಗಿ ನನಗೆ ಸೀಟಿಯ ಬಗ್ಗೆ ಬರೆಯುವ ಮನಸ್ಸಾಗಲಿಲ್ಲ.

ಶೆಡ್ಡಿನಲ್ಲಿ ಈಗ ಉಸಿರಾಡುತ್ತಿರುವುದು ಒಂದೇ ಎಂಜಿನ್. ನಂಬರ್ ಇನ್ನೂರ ಹದಿನಾಲ್ಕು. ಎಲ್ಲರ ಬಾಯಲ್ಲಿ 'ಮುದುಕಿ'. ಅದನ್ನು ಓಡಿಸುವವರು ನೋಲೀನ್ ಅವರ ಗಂಡ ಕೆವ್, ವಯಸ್ಸು ಎಪ್ಪತ್ತೇಳು. ಓಟದ ದಿನ ಮೂರೂವರೆಗೇ ಬಂದು ಬೆಂಕಿ ಹೊತ್ತಿಸುತ್ತಾರೆ. ಮೊದಲು ಎಣ್ಣೆ ಹಚ್ಚಿದ ಚಿಂದಿ, ಆಮೇಲೆ ಮ್ಯಾಲಿ ಮರದ ಬೇರುಗಳು, ಆಮೇಲೆ ಕಲ್ಲಿದ್ದಲು. ಬಾಯ್ಲರ್ ನಿಧಾನ ಕಾಯಬೇಕು, ಆತುರ ಪಟ್ಟರೆ ತಗಡು ಬಿರಿಯುತ್ತದೆ. ದಿನಕ್ಕೆ ಒಂದೂವರೆ ಟನ್ ಕಲ್ಲಿದ್ದಲು, ಒಂಬತ್ತು ಸಾವಿರ ಲೀಟರ್ ನೀರು. ಹನ್ನೊಂದು ಕಿಲೋಮೀಟರ್ ಹೋಗುವುದು, ಹನ್ನೊಂದು ಬರುವುದು, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಬೇಸಿಗೆಯಲ್ಲಿ ಒಣಹುಲ್ಲಿಗೆ ಕಿಡಿ ತಗುಲೀತೆಂದು ಓಟವೇ ಇಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಶನಿವಾರ, ಭಾನುವಾರ. ಸಂಬಳ ಯಾರಿಗೂ ಇಲ್ಲ.

ಈ ಮುದುಕಿಯ ಕಥೆ ಹೇಳದೆ ಹಳದಿ ಗೆರೆಯ ಕಥೆ ಆಗುವುದಿಲ್ಲ.

ಸರ್ಕಾರಿ ರೈಲು ಇನ್ನೂರ ಹದಿನಾಲ್ಕನ್ನು ಗುಜರಿಗೆ ಹಾಕಹೊರಟಾಗ ಊರಿನ ಒಂಬತ್ತು ಗಂಡಸರು ಅಡ್ಡ ನಿಂತು ಅದನ್ನು ಉಳಿಸಿಕೊಂಡರು, ಈ ಹಬೆ ರೈಲಿನ ಕೇಂದ್ರ ಕಟ್ಟಿದರು. ಸಾವಿರದ ಒಂಬೈನೂರ ಎಂಬತ್ತನಾಲ್ಕರ ಚಳಿಗಾಲದಲ್ಲಿ, ಮೂರು ದಿನದ ರಜೆಯ ವಾರಾಂತ್ಯ ನೋಡಿಕೊಂಡು, ಅದರ ಬಾಯ್ಲರ್ ಬಿಚ್ಚಿದರು. ಬಾಯ್ಲರಿನ ಶಾಖ ಹೊರಗೆ ಹೋಗದಂತೆ ಅದರ ಸುತ್ತ ಮೆತ್ತಗಿನ ಬಿಳಿ ಹೊದಿಕೆಯೊಂದು ಇರುತ್ತಿತ್ತು. ಅದು ಕಲ್ನಾರು. ನಮ್ಮ ಕಡೆ ಶೀಟು ಹೊದಿಸುತ್ತೇವಲ್ಲ, ಅದೇ ಆಸ್ಬೆಸ್ಟಾಸ್. ಅದನ್ನು ಬರಿಗೈಯಲ್ಲಿ ಕಿತ್ತರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೇಜಾರಾಗಿ, ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡಿದರು.

ಆ ಹೊತ್ತಿನ ಫೋಟೋ ಇಲ್ಲಿನ ಸಣ್ಣ ವಸ್ತುಸಂಗ್ರಹಾಲಯದ ಗೋಡೆಯಲ್ಲಿದೆ. ತೆಗೆದವರು ನೋಲೀನ್. ಒಂಬತ್ತು ಗಂಡಸರು, ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗೆ, ಹಲ್ಲು ಕಿರಿದು ನಿಂತಿದ್ದಾರೆ. ಕೆಳಗೆ ಬರೆದಿದೆ: 'ಕೂಲ್ಟಾದಲ್ಲಿ ಹಿಮ ಬಿತ್ತು, 1984'. ಈ ಊರಲ್ಲಿ ಹಿಮ ಬಿದ್ದದ್ದು ಯಾರಿಗೂ ನೆನಪಿಲ್ಲ, ತಮಾಷೆ ಅದು. ಆ ಒಂಬತ್ತು ಜನರಲ್ಲಿ ಇಬ್ಬರು, ಕಲ್ನಾರಿನ ಧೂಳು ಉಸಿರಿಗೆ ಹೋದವರಿಗೆ ದಶಕಗಳ ನಂತರ ಬರುವ ಪುಪ್ಪುಸದ ಪೊರೆಯ ಕ್ಯಾನ್ಸರಿನಿಂದ ಸತ್ತರು. ಮೂವರು ಬೇರೆ ಬೇರೆ ಕಾರಣಕ್ಕೆ. ನಾಲ್ವರು ಇದ್ದಾರೆ, ಕೆವ್ ಅವರಲ್ಲೊಬ್ಬರು. ಆ ಫೋಟೋವನ್ನು ಗೋಡೆಯಿಂದ ಇಳಿಸಿಬಿಡೋಣ ಎಂದು ಸಮಿತಿ ಹೇಳಿದಾಗ ಬೇಡ ಎಂದವರು ನೋಲೀನ್.

"ಅಪಾಯ ಅಂತ ಗೊತ್ತಿರಲಿಲ್ವಾ?" ಎಂದು ನಾನು ನೋಲೀನ್ ಅವರನ್ನು ಕೇಳುತ್ತೇನೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದೇನೆ.

"ಕೇಳಿದ್ವಿ. ಗಣೀಲಿ ದುಡಿಯೋರಿಗೆ ಬರುತ್ತೆ ಅಂತ ಕೇಳಿದ್ವಿ. ನಾವೇನು ಗಣಿಯವ್ರಾ? ಮೂರು ದಿನದ ಕೆಲಸ."

ಆ ಮೂರು ದಿನವೂ ಕೆವ್ ಅದೇ ಬಟ್ಟೆಯಲ್ಲಿ ಮನೆಗೆ ಬಂದರು. ನೋಲೀನ್ ಒಗೆಯುವ ಮೊದಲು ಮಗಳನ್ನು ಕರೆದರು. ಜನೆಲ್‌ಗೆ ಆಗ ಹತ್ತು ವರ್ಷ. ಹೊರಗೆ ಒಯ್ದು ಚೆನ್ನಾಗಿ ಕೊಡವಿಕೊಂಡು ಬಾ, ಮೆಷಿನ್ನಿನ ಪೈಪು ಕಟ್ಟಿಕೊಳ್ಳುತ್ತದೆ ಎಂದರು. ಕೊಡವಿದರೆ ಅಂಗಡಿಯಿಂದ ಒಂದು ಐಸ್‌ಕ್ಯಾಂಡಿ. ಹುಡುಗಿ ಹಿತ್ತಲಿನ ತಂತಿಗೆ ಬಟ್ಟೆ ನೇತುಹಾಕಿ ಟೆನಿಸ್ ಬ್ಯಾಟಿನಿಂದ ಬಾರಿಸಿದಳು. ಮೂರು ದಿನ, ಮೂರು ಐಸ್‌ಕ್ಯಾಂಡಿ.

ಜನೆಲ್ ಯಾವತ್ತೂ ಎಂಜಿನ್ ಮುಟ್ಟಿದವಳಲ್ಲ. ರೈಲು ಅಂದರೆ ಅವಳಿಗೆ ಬೇಸರ. ನರ್ಸರಿ ಶಾಲೆಯ ಟೀಚರಾಗಿದ್ದಳು. ಮೂವತ್ತೈದಕ್ಕೆ ಪಕ್ಕೆಯಲ್ಲಿ ನೋವು ಎಂದಳು, ಮೂವತ್ತಾರಕ್ಕೆ ಅದೇ ಕ್ಯಾನ್ಸರಿಗೆ ಹೋದಳು. ಕೊನೆಯ ನಾಲ್ಕು ತಿಂಗಳ ಮಾರ್ಫಿನ್ ನನ್ನ ಅಂಗಡಿಯಿಂದಲೇ ಹೋಗುತ್ತಿತ್ತು. ಚೀಟಿ ಹಿಡಿದು ಕೌಂಟರಿನ ಮುಂದೆ ನಿಲ್ಲುತ್ತಿದ್ದವರು ನೋಲೀನ್. ಪ್ರತಿ ಸಲ ಪ್ರಮಾಣ ಹೆಚ್ಚಾಗಿರುತ್ತಿತ್ತು, ಪ್ರತಿ ಸಲ ಅವರು ಹವಾಮಾನದ ಬಗ್ಗೆ ಏನಾದರೊಂದು ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಆ ಮಾತುಗಳಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

"ಕೆವ್ ಮೇಲೆ ಸಿಟ್ಟಿಲ್ವಾ?"

"ಇದೆ." ನೋಲೀನ್ ಬಟ್ಟೆಯ ಗುಂಡಿ ಹಾಕುತ್ತಲೇ ಹೇಳುತ್ತಾರೆ. "ಆದ್ರೆ ಕೊಡವ್ಕೊಂಡು ಬಾ ಅಂದೋಳು ನಾನಲ್ವಾ ವಾಝಾ? ಅವನು ಬಟ್ಟೆ ಬಿಚ್ಚಿ ಬಿಸಾಕಿ ಬೀರ್ ಕುಡೀತಾ ಕೂತ. ಅವಳ ಕೈಗೆ ಕೊಟ್ಟಿದ್ದು ನಾನು."

ಮಗಳು ಹೋದ ವಾರವೇ ಅವರು ಮನೆಯ ವಾಷಿಂಗ್ ಮೆಷಿನ್ನನ್ನು ಕೆವ್ ಕೈಯಲ್ಲೇ ಹೊರಿಸಿ ಆಚೆ ಹಾಕಿಸಿದರು. ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹದಿನೈದು ವರ್ಷದಿಂದ ಮುಚ್ಚಿದೆ. ಗಂಡ ಹೆಂಡತಿಯ ಬಟ್ಟೆಯನ್ನು ಪ್ರತಿ ಗುರುವಾರ ನನ್ನ ಅಂಗಡಿಯ ಪಕ್ಕದ ಲಾಂಡ್ರಿಗೆ ತಂದು, ನಾಣ್ಯ ಹಾಕಿ ಒಗೆದುಕೊಂಡು ಹೋಗುತ್ತಾರೆ. ಮೆಷಿನ್ ತಿರುಗುತ್ತಿರುವಾಗ ನನ್ನಲ್ಲಿಗೆ ಬಂದು ಕೂರುತ್ತಾರೆ. ಊರವರು ಅದನ್ನು ವಯಸ್ಸಾದವರ ತಿಕ್ಕಲು ಅನ್ನುತ್ತಾರೆ. ಅನ್ನಲಿ.

ಶೆಡ್ಡಿನ ಬಟ್ಟೆಗೆ ಮಾತ್ರ ಬೇರೆ ವ್ಯವಸ್ಥೆ. ಹಿಂದೆ ಸಿಗ್ನಲ್ ದೀಪಗಳನ್ನಿಡುತ್ತಿದ್ದ ಕಲ್ಲಿನ ಕೋಣೆಯಲ್ಲಿ ಎರಡು ಹಳೆಯ ಮೆಷಿನ್‌ಗಳಿವೆ. ಭಾನುವಾರ ಸಂಜೆ ಡ್ರಮ್ಮಿನ ಬಟ್ಟೆಯನ್ನು ಕೊಡವದೆ, ಹಾಗೆಯೇ ಒದ್ದೆ ಮಾಡಿ, ಮೆಷಿನ್ನಿಗೆ ಹಾಕುತ್ತಾರೆ. ನಾಲ್ಕು ಸರದಿ. ಹೊರಗೆ ಹೋಗುವ ನೀರು ಎರಡು ಗುಂಡಿ ದಾಟಿ ಹೋಗಬೇಕು. ಒಣಗುವುದು ಒಳಗೆ, ಗಾಳಿಗಲ್ಲ. ಕೈಗವಸು, ಮೂಗಿಗೆ ಮುಖಗವಸು, ತಲೆಗೆ ಬಟ್ಟೆ. ಸೋಮವಾರ ಹರಿದದ್ದಕ್ಕೆ ತೇಪೆ, ಮಂಗಳವಾರ ಇಸ್ತ್ರಿ. ನಾನು ಲೆಕ್ಕ ಹಾಕಿದೆ: ಓಟದ ತಿಂಗಳುಗಳಲ್ಲಿ ವಾರಕ್ಕೆ ಇಪ್ಪತ್ತಾರು ಗಂಟೆ.

"ಈಗ ಬರೀ ಕಲ್ಲಿದ್ದಲ ಮಸಿ ಅಲ್ವಾ? ಮುದುಕಿ ಮೇಲೆ ಕಲ್ನಾರು ಒಂದು ಎಳೆನೂ ಇಲ್ಲ. ಅದಕ್ಕೆ ಇಷ್ಟೆಲ್ಲ ಬೇಕಾ?"

"ಬೇಡ" ಅನ್ನುತ್ತಾರೆ. "ನಂಗೊತ್ತು ಬೇಡ ಅಂತ. ಬಾಯ್ಲರ್ ಇನ್ಸ್‌ಪೆಕ್ಟರ್ ಕೂಡ ನಕ್ಕ. ಆದ್ರೂ ಒಗೀತೀನಿ."

ಈ ಮಾತಿನ ಹಿಂದೆಯೇ ಇವತ್ತಿನ ವಿಷಯ ಇರುವುದು. ಮುದುಕಿಯ ಬಾಯ್ಲರಿನ ಒಳಗಿನ ತಗಡು ಸವೆದು ತೆಳ್ಳಗಾಗಿದೆ. ಜೂನ್ ಮೂವತ್ತಕ್ಕೆ ಅದರ ಪರವಾನಗಿ ಮುಗಿಯುತ್ತದೆ, ಮುಂದೆ ಸಿಗುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಬರೆದು ಕೊಟ್ಟಿದ್ದಾನೆ. ಓಡುವ ಎಂಜಿನ್ ಇಲ್ಲದ ರೈಲಿಗೆ ಯಾರು ಬರುತ್ತಾರೆ? ಕೇಂದ್ರ ಮುಚ್ಚಬೇಕು.

ಒಂದೇ ಒಂದು ದಾರಿ ಇದೆ, ಅದು ಮೂರನೆಯ ಶೆಡ್ಡಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ನಂಬರ್ ನೂರ ತೊಂಬತ್ತೆಂಟು, ಮುದುಕಿಯ ತಂಗಿ. ಅದರ ಬಾಯ್ಲರ್ ಹೊಸದಾಗಿ ಕಟ್ಟಿದ ಆರೇ ತಿಂಗಳಿಗೆ ಎಂಜಿನ್ ಮೂಲೆಗೆ ಬಿತ್ತು. ಒಳಗೆ ಎಲ್ಲ ಗಟ್ಟಿಯಾಗಿದೆ ಎಂದು ಬಲ್ಲವರು ಹೇಳುತ್ತಾರೆ. ಆದರೆ ಅದರ ಮೈಮೇಲಿನ ಬಿಳಿ ಹೊದಿಕೆಯನ್ನು ಇವತ್ತಿನವರೆಗೆ ಯಾರೂ ಮುಟ್ಟಿಲ್ಲ. ಪರವಾನಗಿ ಇರುವ ಕಂಪನಿ ಬಂದು, ಶೆಡ್ಡಿಗೆಲ್ಲ ಪ್ಲಾಸ್ಟಿಕ್ ಸುತ್ತಿ ತೆಗೆಯಬೇಕು. ಅವರು ಹೇಳಿದ ಮೊತ್ತ ಕೇಳಿ ಸಮಿತಿ ಕಾಗದ ಮಡಚಿಟ್ಟಿತು. ಮೂರನೆಯ ಶೆಡ್ಡಿನ ಬೀಗದ ಕೈ ನೋಲೀನ್ ಅವರ ಸೊಂಟದ ಗೊಂಚಲಲ್ಲಿದೆ. ಹದಿನೈದು ವರ್ಷದಿಂದ ಅಲ್ಲೇ ಇದೆ, ಕೊಡಿ ಎಂದು ಯಾರೂ ಕೇಳಿರಲಿಲ್ಲ.

ಇವತ್ತು ಕೇಳುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತು. ನೋಲೀನ್ ಅವರಿಗೂ ಗೊತ್ತು. ಆದರೂ ಹತ್ತೂವರೆಗೆ ಮುದುಕಿ ಸೀಟಿ ಊದಿ ಹೊರಡುತ್ತದೆ. ನೂರ ಹನ್ನೆರಡು ಜನ ಪ್ರಯಾಣಿಕರು. ಸೀಟು ನೂರ ಎಂಬತ್ತು. ಟೀ ಅಂಗಡಿಯಲ್ಲಿ ಮಾಂಸ ತುಂಬಿ ಬೇಯಿಸಿದ ಪೈ ಖಾಲಿಯಾಗುತ್ತದೆ, ಸಾಸ್ ಬಾಟಲಿ ಅಂಟಂಟಾಗುತ್ತದೆ. ಹಳಿಯ ಪಕ್ಕದಲ್ಲಿ ನಿಂತ ಅಜ್ಜಂದಿರು ಟೋಪಿ ತೆಗೆಯುತ್ತಾರೆ. ನೋಲೀನ್ ಅಷ್ಟು ಹೊತ್ತೂ ದೀಪದ ಕೋಣೆಯಲ್ಲಿ ಕೂತು ಶಾರ್ಟಿಯ ಹಳೆಯ ಓವರಾಲಿನ ಮೊಣಕಾಲಿಗೆ ತೇಪೆ ಹಾಕುತ್ತಾರೆ. ರೈಲು ಅವರ ಕಿಟಕಿಯ ಮುಂದೆಯೇ ಹಾದುಹೋಗುತ್ತದೆ, ಗಾಜು ಗಡಗಡ ಅನ್ನುತ್ತದೆ, ಅವರು ತಲೆ ಎತ್ತುವುದಿಲ್ಲ.

ಮೂರೂವರೆಗೆ ಎರಡನೆಯ ಓಟವೂ ಮುಗಿದು, ಪ್ರಯಾಣಿಕರ ಕಾರುಗಳು ಹೊರಟುಹೋಗುತ್ತವೆ. ಗೂಟಗಳ ಎದುರಿನ ಬೆಂಚುಗಳ ಮೇಲೆ, ಗೆರೆಯ ಆಚೆ, ಹದಿನಾಲ್ಕು ಜನ ಓವರಾಲಿನಲ್ಲೇ ಟೀ ಹಿಡಿದು ಕೂರುತ್ತಾರೆ. ನನಗೆ ಗೆರೆಯ ಈಚೆ ಒಂದು ಸ್ಟೂಲು. ಬರೆಯುವವಳನ್ನು ಕೂರಿಸಿಕೊಳ್ಳಬಹುದೇ ಎಂದು ಯಾರೋ ಅಂದರು. "ಬರ್ಕೊಳ್ಳಲಿ ಬಿಡಿ, ಅವಳು ಬರೆಯೋ ಭಾಷೆ ಓದೋಕೆ ಈ ಸುತ್ತಿನಲ್ಲಿ ಇರೋಳು ಅವಳೊಬ್ಳೇ" ಎಂದು ರೆಕ್ಸ್ ನಿಚ್ಕೆ ನಕ್ಕ. ರೆಕ್ಸ್ ಕೇಂದ್ರದ ಅಧ್ಯಕ್ಷ. ಗೋಧಿ ದಾಸ್ತಾನಿನ ಮ್ಯಾನೇಜರಾಗಿ ನಿವೃತ್ತನಾದವನು, ಎದೆಯವರೆಗೆ ಇಳಿದ ಬಿಳಿ ಗಡ್ಡದವನು. ಕೆಟ್ಟವನಲ್ಲ. ಪ್ಲಾಟ್‌ಫಾರ್ಮಿನ ಹೂವಿನ ಪಾತಿಯನ್ನೆಲ್ಲ ಅವನ ಹೆಂಡತಿ ಮಾಡಿದ್ದು. ಆಕೆ ಹೋದ ಮೇಲೂ ದಿನಾ ಬಂದು ನೀರು ಹಾಕುತ್ತಾನೆ.

"ಸುತ್ತಿ ಬಳಸಿ ಹೇಳಲ್ಲ" ಎನ್ನುತ್ತಾನೆ ರೆಕ್ಸ್. "ತಂಗೀನ ನಾವೇ ಬಿಚ್ಚೋಣ. ಎರಡು ಮಂಗಳವಾರ ಸಾಕು. ಆ ದಿನ ಊರಲ್ಲಿ ಹೊರಗಿನೋರು ಯಾರೂ ಇರಲ್ಲ. ನೀರು ಬಿಟ್ಟು ನೆನೆಸಿ ತೆಗೆಯೋಣ, ಮುಖಗವಸು ಹಾಕ್ಕೊಳ್ಳೋಣ, ಹೂತುಬಿಡೋಣ. ಕಾನೂನು ಒಪ್ಪಲ್ಲ, ನಂಗೂ ಗೊತ್ತು. ಆದ್ರೆ ಇದು ನಿಂತುಹೋದ್ರೆ ಊರಲ್ಲಿ ಉಳಿಯೋದೇನು? ಒಂದು ಪಬ್ಬು, ಗೋಧಿ ತುಂಬಿಡೋ ಒಂದು ಗೋಪುರ, ಮತ್ತೆ ವಾಝಾಳ ಮಾತ್ರೆ."

ಕೆಲವರು ನಗುತ್ತಾರೆ.

"ಆಮೇಲೆ, ಆ ಕಾಯಿಲೆ ಬರೋಕೆ ಮೂವತ್ತು ವರ್ಷ ಬೇಕು. ನಂಗೆ ಎಪ್ಪತ್ತಾರು. ನೂರಾರಕ್ಕೆ ಬರುತ್ತೆ, ಬರ್ಲಿ. ನನ್ನ ಹೃದಯ ಅಷ್ಟು ದಿನ ಕಾಯುತ್ತೆ ಅಂತ ನಿಮಗನ್ಸುತ್ತಾ?"

ಈಗ ಎಲ್ಲರೂ ನಗುತ್ತಾರೆ. ಇದು ಇಲ್ಲಿಯವರ ಹಳೆಯ ತಮಾಷೆ, ನಾನು ಅಂಗಡಿಯಲ್ಲೂ ಕೇಳಿದ್ದೇನೆ. ನಗದವರು ಇಬ್ಬರೇ. ಒಬ್ಬರು ಕೆವ್, ಬೆಂಚಿನ ತುದಿಯಲ್ಲಿ ಟೀ ಮಗ್ಗಿನ ತಳ ನೋಡುತ್ತಾ ಕೂತಿದ್ದಾರೆ. ಇನ್ನೊಬ್ಬರು ದೀಪದ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ.

ನೋಲೀನ್ ಸಮಿತಿಯ ಸದಸ್ಯೆಯಲ್ಲ. ಮತ ಅವರಿಗಿಲ್ಲ. ಅವರು ನಡೆದು ಬಂದು ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ, ಬೆಂಚಿನ ಮೇಲೆ ಬಿಸ್ಕತ್ತಿನ ತಟ್ಟೆಯ ಪಕ್ಕ ಇಡುತ್ತಾರೆ.

"ತಗೋ ರೆಕ್ಸ್."

ರೆಕ್ಸ್ ಇದನ್ನು ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ಸಿದ್ಧನಾಗಿ ಬಂದವನು ಅವನು. "ನೋಲ್, ನಿನ್ನ ಮನಸ್ಸಿಗೆ ಏನಾಗ್ತಿದೆ ಅಂತ ನಮಗೆ..."

"ತಗೋ ಅಂದೆ. ಬೀಗ ಒಡೆದ್ರೆ ಮತ್ತೆ ಹೊಸ ಬೀಗ ತರಬೇಕು. ಒಂದೇ ಮಾತು. ಆ ಎರಡು ಮಂಗಳವಾರದ ಬಟ್ಟೆ ನಾನು ಒಗೆಯಲ್ಲ. ನಿಮ್ಮ ನಿಮ್ಮ ಮನೆಗೆ ತಗೊಂಡ್ಹೋಗಿ."

"ಅದಕ್ಕೇನಂತೆ. ಒಂದ್ಸಲ ಹಾಕಿ ಬಿಸಾಡೋ ಸೂಟ್ ಸಿಗುತ್ತೆ. ಬಟ್ಟೆ ಒಗೆಯೋ ಮಾತೇ ಇಲ್ಲ."

"ಗಡ್ಡನೂ ಬಿಸಾಡ್ತೀಯಾ? ಆ ಗಡ್ಡದ ಮೇಲೆ ಯಾವ ಮುಖಗವಸು ಕೂರುತ್ತೋ? ಕಿವಿ ಬಿಸಾಡ್ತೀಯಾ? ಕಾರಿನ ಸೀಟು? ಶನಿವಾರ ನಿನ್ನ ಮೊಮ್ಮಗಳು ಬಂದು ಕೂರೋದು ಅದೇ ಕಾರಲ್ಲಿ ಅಲ್ವಾ? ನಿನ್ನ ತೊಡೆ ಮೇಲೆ ಹತ್ತಿ ಗಡ್ಡ ಎಳೀತಾಳಲ್ಲ, ಏನವಳ ಹೆಸ್ರು?"

ರೆಕ್ಸ್‌ನ ಕೈ ತನ್ನ ಗಡ್ಡಕ್ಕೆ ಹೋಗುತ್ತದೆ.

"ಶಾರ್ಟಿ, ನಿಮ್ಮನೇಲಿ ಬಟ್ಟೆ ಒಗೆಯೋರು ಯಾರು?"

"ಸೊಸೆ" ಎನ್ನುತ್ತಾನೆ ಶಾರ್ಟಿ, ನೆಲ ನೋಡುತ್ತಾ. "ಟೀಗನ್. ಈಗ ನಮ್ಮ ಜೊತೇಲೇ ಇದಾಳೆ. ಏಳು ತಿಂಗಳು ಅವಳಿಗೆ."

"ನಿಮಗೆ ಮೂವತ್ತು ವರ್ಷ ಉಳಿದಿಲ್ಲ, ಸರಿ. ನಿಮ್ಮ ತಮಾಷೆ ನಂಗೂ ಅರ್ಥ ಆಗುತ್ತೆ. ಟೀಗನ್‌ಗೆ ಇದೆ. ಅವಳ ಹೊಟ್ಟೇಲಿರೋದಕ್ಕೆ ಎಂಬತ್ತು ಇದೆ. ಒಳ್ಳೇ ಹುಡುಗಿ ಆದ್ರೆ ಒಗೆಯೋಕ್ಮುಂಚೆ ಕೊಡವ್ತಾಳೆ, ನೋಡ್ಕೋ."

ದನಿ ಏರಿಸಿ ಹೇಳಿದ್ದಲ್ಲ. ಮಳೆ ಬರಬಹುದು, ಬಟ್ಟೆ ಒಳಗೆ ತಗೊಳ್ಳಿ ಎಂದಷ್ಟೇ ದನಿ. ಹದಿನೈದು ವರ್ಷದ ಹಿಂದೆ ನನ್ನ ಕೌಂಟರಿನ ಮುಂದೆ ನಿಂತು ಇದೇ ದನಿಯಲ್ಲಿ ಬಿಸಿಲಿನ ಮಾತಾಡುತ್ತಿದ್ದರು.

ಮುದುಕಿಯ ಮೈ ಆರುತ್ತಾ ಟಕ್ ಟಕ್ ಅನ್ನುವುದು ಕೇಳುತ್ತದೆ. ಬೀಗದ ಕೈ ತಟ್ಟೆಯ ಪಕ್ಕದಲ್ಲೇ ಇದೆ. ಹದಿನಾಲ್ಕು ಜನರಲ್ಲಿ ಯಾರಾದರೂ ಕೈ ಚಾಚಿದ್ದರೆ ಸಾಕಿತ್ತು.

ಮೊದಲು ಎದ್ದವನು ಶಾರ್ಟಿ. ಅವನು ಬೀಗದ ಕೈಯ ಕಡೆ ಹೋಗುವುದಿಲ್ಲ. ಬೂಟು ಬಿಚ್ಚುತ್ತಾನೆ. ಗುಂಡಿ ಬಿಚ್ಚಿ, ಓವರಾಲ್ ಕಳಚಿ, ಮಡಚಿ ಡ್ರಮ್ಮಿಗೆ ಹಾಕುತ್ತಾನೆ. ನಲ್ಲಿಯ ಕೆಳಗೆ ತಲೆಯೊಡ್ಡಿ ತೊಳೆದುಕೊಂಡು, ಒದ್ದೆ ತಲೆಯಲ್ಲೇ ಗೆರೆ ದಾಟಿ ಹೋಗುತ್ತಾನೆ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಇಬ್ಬರು. ಮತ ಹಾಕಿ ಎಂದು ಯಾರೂ ಹೇಳಲಿಲ್ಲ, ಕೈ ಎತ್ತಿ ಎಂದೂ ಹೇಳಲಿಲ್ಲ. ಒಬ್ಬೊಬ್ಬರಾಗಿ ಬಟ್ಟೆ ಕಳಚಿ ಮನೆಗೆ ಹೋಗುತ್ತಾರೆ. ನಲವತ್ತೊಂದು ವರ್ಷದಿಂದ ನಡೆದುಬಂದ ಕೇಂದ್ರ ಹೀಗೆ, ನಲ್ಲಿಯ ಸದ್ದಿನಲ್ಲಿ, ಮುಗಿಯಿತು.

ರೆಕ್ಸ್ ಉಳಿದಿದ್ದಾನೆ. ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದು ಕೂತವನ ಕಣ್ಣು ತುಂಬಿದೆ.

"ಹೂವಿನ ಪಾತಿ ಯಾರು ನೋಡ್ಕೋತಾರೆ ನೋಲ್? ಗೇಟಿಗೆ ಬೀಗ ಬಿದ್ರೆ ಒಳಗೆ ಹೋಗೋಕೂ ಆಗಲ್ಲ."

"ಬೇರು ಸಮೇತ ಎತ್ಕೊಂಡು ಮನೆಗೆ ಹೋಗು. ನಾನೂ ಬರ್ತೀನಿ ಅಗೆಯೋಕೆ."

ಅವನು ತಲೆಯಾಡಿಸುತ್ತಾನೆ, ಹೌದೆಂದೋ ಅಲ್ಲವೆಂದೋ ನನಗೆ ತಿಳಿಯುವುದಿಲ್ಲ. ಎದ್ದು ತಾನೂ ಓವರಾಲ್ ಕಳಚುತ್ತಾನೆ. ಗಡ್ಡವನ್ನು ಬಹಳ ಹೊತ್ತು ತೊಳೆಯುತ್ತಾನೆ.

ಕೊನೆಯಲ್ಲಿ ಕೆವ್. ಈ ಮನುಷ್ಯ ನನ್ನ ಜೊತೆ ಹತ್ತೊಂಬತ್ತು ವರ್ಷದಲ್ಲಿ ಹತ್ತು ಮಾತಾಡಿರಬಹುದು. ಡ್ರಮ್ಮಿನ ಮುಂದೆ ನಿಂತು ಬಟ್ಟೆ ಬಿಚ್ಚುತ್ತಾರೆ. ಒಳಗಿನ ಬನಿಯನ್ನಿನಲ್ಲಿ ಅವರ ಎದೆ ಗೂಡು ಬಿದ್ದಂತಿದೆ, ಆದರೆ ಪುಪ್ಪುಸ ಚೊಕ್ಕವಾಗಿದೆ. ವರ್ಷಕ್ಕೊಮ್ಮೆ ಇಬ್ಬರೂ ಎಕ್ಸ್‌ರೇ ತೆಗೆಸುತ್ತಾರೆ, ಇಬ್ಬರದೂ ಚೊಕ್ಕ. ಹೊದಿಕೆ ಕಿತ್ತವನಿಗೆ ಏನೂ ಆಗಲಿಲ್ಲ, ಒಗೆದವಳಿಗೆ ಏನೂ ಆಗಲಿಲ್ಲ. ಇದಕ್ಕೆ ನನ್ನ ಔಷಧಿ ಓದಿನಲ್ಲಿ ಉತ್ತರವಿಲ್ಲ, ಬೇರೆ ಎಲ್ಲಿಯೂ ಇದ್ದಂತೆ ಕಾಣೆ.

ಅವರು ಕೈ ಒರೆಸಿಕೊಂಡು ಬೆಂಚಿನ ಹತ್ತಿರ ಬರುತ್ತಾರೆ. ಬೀಗದ ಕೈ ಎತ್ತಿ ಹೆಂಡತಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಮಡಚುತ್ತಾರೆ.

"ಅವತ್ತೇ ನೀನು ಹೀಗೆ ಮಾಡಿದ್ದಿದ್ರೆ" ಎನ್ನುತ್ತಾರೆ.

"ಅವತ್ತು ನಂಗೂ ಗೊತ್ತಿರ್ಲಿಲ್ಲ ಕೆವ್."

"ಇಲ್ಲ. ಗೊತ್ತಿರ್ಲಿಲ್ಲ." ಇಷ್ಟು ಹೇಳಿ ಅವರು ಕಾರು ತರಲು ಹೋಗುತ್ತಾರೆ.

ನೋಲೀನ್ ಡ್ರಮ್ಮಿನ ಮುಚ್ಚಳ ಹಾಕುತ್ತಾರೆ. ಜೂನ್ ಮೂವತ್ತಕ್ಕೆ ಇನ್ನು ಆರು ವಾರ. ಅಂದರೆ ಈ ಹದಿನಾಲ್ಕು ಓವರಾಲ್ ಇನ್ನು ಆರು ಸಲ ಒಗೆಯಬೇಕು. ಕೊನೆಯ ಸಲ ಒಗೆದು, ಇಸ್ತ್ರಿ ಮಾಡಿ, ಅವರವರ ಕೈಗೆ ಕೊಟ್ಟುಬಿಡುತ್ತಾರಂತೆ. ಆಗ ಮಾತ್ರ ಅವು ಮನೆಗೆ ಹೋಗಬಹುದು.

"ನೀವೇ ಮುಚ್ಚಿಸಿದ್ರಿ ಅಂತ ಊರು ಆಡಿಕೊಳ್ಳುತ್ತೆ" ಎನ್ನುತ್ತೇನೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನಾಳೆ ನನ್ನ ಕೌಂಟರಿನಲ್ಲೇ ಆ ಮಾತು ಬರುತ್ತದೆ.

"ಆಡ್ಲಿ. ನಾನೇ ಮುಚ್ಚಿಸಿದ್ದು." ಸ್ವಲ್ಪ ಹೊತ್ತು ಅವರು ಮುದುಕಿಯನ್ನು ನೋಡುತ್ತಾ ನಿಲ್ಲುತ್ತಾರೆ. ಆ ನೋಟದಲ್ಲಿ ಪ್ರೀತಿ ಇತ್ತು. ಇದ್ದುದನ್ನು ಇಲ್ಲ ಎಂದು ಬರೆಯಲಾರೆ. "ಚೆನ್ನಾಗಿ ಓಡ್ತಾಳೆ ಅಲ್ವಾ ಇನ್ನೂ? ಜನೆಲ್ ಇವಳನ್ನ ಕಂಡ್ರೆ ಮೂತಿ ಸೊಟ್ಟ ಮಾಡೋಳು."

ಹೊರಗೆ ಕೆವ್ ಕಾರಿನ ಹಾರನ್ ಒಂದು ಸಲ ಮೆಲ್ಲಗೆ ಒತ್ತುತ್ತಾರೆ. ನೋಲೀನ್ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಕೈ ತೊಳೆದು, ಗೆರೆ ದಾಟುತ್ತಾರೆ. ಜೂನ್ ಆದ ಮೇಲೆ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಇಂಥ ಬರಹದ ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಅದು; ಕೇಳಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆದರೆ ಅವರು ಯೋಚನೆ ಮಾಡಿ ಉತ್ತರ ಕೊಡುತ್ತಾರೆ.

"ಇನ್ಮೇಲೆ ಗುರುವಾರ ನಿನ್ನ ಅಂಗಡಿಗೆ ಬರಲ್ಲ ಅನ್ಸುತ್ತೆ ವಾಝಾ. ಕೆವ್ ಶೆಡ್ಡಿಗೇ ಹೋಗಲ್ಲ, ಅವನ ಬಟ್ಟೇಲಿ ಇನ್ನು ಏನೂ ಇರಲ್ವಲ್ಲ. ಆ ಕೋಣೆ ಬಾಗಿಲು ತೆಗೆದು, ತೊಳೆದು, ಮನೆಗೊಂದು ಮೆಷಿನ್ ತಗೋಬೇಕು. ಚಿಕ್ಕದು. ಇಬ್ಬರ ಬಟ್ಟೆಗೆ ಸಾಕಾಗೋವಷ್ಟು."